ಕೊರಳಲ್ಲಿ ತಾಳಿ, ಜೇಬಲ್ಲಿ ಡಾಂಗಲ್

ಛತ್ತೀಸ್‌ಗಢದ ಆ ಆರು ಮಂದಿಯ ವಿಡಿಯೊ ನಿಮ್ಮ ಮೊಬೈಲಿಗೂ ಬಂದಿರುತ್ತದೆ. ಕಬೀರ್‌ಧಾಮ್ ಜಿಲ್ಲೆಯ ಪರಸ್ವಾರಾ ಪಂಚಾಯಿತಿ. ಗೆದ್ದವರು ಆರು ಜನ ಹೆಂಗಸರು. 2025ರ ಮಾರ್ಚ್ 3ರಂದು ಎದ್ದು ನಿಂತು ಪ್ರಮಾಣವಚನ ಓದಿದವರು ಅವರ ಗಂಡಂದಿರು. ಮಹಿಳಾ ದಿನಾಚರಣೆಗೆ ಇನ್ನೂ ಐದು ದಿನ ಇತ್ತು, ಅಷ್ಟರಲ್ಲೇ ಆಚರಿಸಿ ಮುಗಿಸಿದರು.

ಇದರಲ್ಲಿ ಅಂಥ ಹೊಸದೇನಿದೆ? ಸತ್ಯನಾರಾಯಣ ಪೂಜೆಗೆ ಕೂತ ದಂಪತಿಯನ್ನು ನೀವು ನೋಡಿಲ್ಲವೆ? ಸಂಕಲ್ಪ ಹೇಳುವವನು ಗಂಡ. ಪುರೋಹಿತರು ಹೆಂಡತಿಗೆ "ಅಮ್ಮಾ, ಯಜಮಾನರ ಕೈ ಮುಟ್ಕೊಳ್ಳಿ" ಅನ್ನುತ್ತಾರೆ. ಬೆರಳು ತಾಗಿದರೆ ಸಾಕು, ಅತ್ತಲಿಂದ ಇತ್ತ ಪುಣ್ಯ ಹರಿದು ಬರುತ್ತದೆ, ವೈರಿನಲ್ಲಿ ಕರೆಂಟು ಬಂದ ಹಾಗೆ. ಪರಸ್ವಾರಾದ ಗಂಡಂದಿರು ಅದೇ ವೈರನ್ನು ತಿರುಗಿಸಿ ಸಿಕ್ಕಿಸಿಕೊಂಡಿದ್ದಾರೆ. ವೋಟು ಬಿದ್ದದ್ದು ಆಕೆಗೆ, ಕರೆಂಟು ಬಂದದ್ದು ಈತನಿಗೆ. ಬೆರಳು ತಾಗಿಸಲಿಕ್ಕೂ ಆಕೆ ಬೇಕಾಗಲಿಲ್ಲ, ವೈರ್‌ಲೆಸ್!

ಪಂಚಾಯಿತಿ ಕಾರ್ಯದರ್ಶಿಯನ್ನು ಸಸ್ಪೆಂಡ್ ಮಾಡಿದರು. ಆ ಮನುಷ್ಯ ಮಾಡಿದ ತಪ್ಪಾದರೂ ಏನು? ಊರೂರಲ್ಲಿ ಒಳಕೋಣೆಯಲ್ಲಿ ನಡೆಯುವುದನ್ನು ಹಾಲ್‌ನಲ್ಲಿ ಮಾಡಿಸಿದ. ಪಾರದರ್ಶಕತೆ, ಪಾರದರ್ಶಕತೆ ಅಂತ ಎಲ್ಲರೂ ಬಾಯಿ ಬಡಿದುಕೊಳ್ಳುವಾಗ ಒಬ್ಬ ಅದನ್ನು ತೋರಿಸಿದರೆ ಅವನ ಸಂಬಳಕ್ಕೇ ಕತ್ತರಿ.

ಕೇಂದ್ರ ಪಂಚಾಯತ್ ರಾಜ್ ಸಚಿವಾಲಯ ಈ ಗಂಡಂದಿರ ಪಿಡುಗಿಗೆ ಮದ್ದು ಹುಡುಕಲು 2023ರಲ್ಲಿ ಒಂದು ಸಮಿತಿ ಮಾಡಿತ್ತು. ಅದರ ವರದಿ 2025ರ ಫೆಬ್ರವರಿಯಲ್ಲಿ ಪತ್ರಿಕೆಗಳಲ್ಲಿ ಬಂತು. ಅದರಲ್ಲಿ ಒಂದು ಶಿಫಾರಸು ಏನೆಂದರೆ ಗೆದ್ದ ಹೆಂಗಸರು ಗ್ರಾಮಸಭೆಯಲ್ಲಿ, ಊರಿನವರ ಎದುರಿಗೇ ಪ್ರಮಾಣವಚನ ತೆಗೆದುಕೊಳ್ಳಬೇಕು. ಊರಿನವರ ಎದುರಿಗೆ ಅನ್ನುವಷ್ಟನ್ನು ಪರಸ್ವಾರಾದವರು ಚಾಚೂ ತಪ್ಪದೆ ಪಾಲಿಸಿದ್ದಾರೆ. ಇನ್ನೊಂದು ಶಿಫಾರಸು, ಹೆಂಗಸರ ಹೆಸರಿನಲ್ಲಿ ಆಳುವ ಗಂಡಸರಿಗೆ ತಕ್ಕ ದಂಡ. ಸರಿಯಾಗಿದೆ. ಮತ್ತೊಂದು ಓದಿ ನಾನು ಕನ್ನಡಕ ಒರೆಸಿಕೊಂಡು ಇನ್ನೊಂದು ಸಲ ಓದಿದೆ. ಆಯ್ಕೆಯಾದ ಹೆಂಗಸರಿಗೆ ವರ್ಚುವಲ್ ರಿಯಾಲಿಟಿ ಮೂಲಕ ತರಬೇತಿ. ಅಂದರೆ ಕಣ್ಣಿಗೆ ಒಂದು ಡಬ್ಬ ಕಟ್ಟಿಕೊಂಡರೆ ಒಳಗಡೆ ಗ್ರಾಮಸಭೆ ಕಾಣುತ್ತದೆ, ಆಕೆ ಅದರ ಅಧ್ಯಕ್ಷತೆ ವಹಿಸಿರುತ್ತಾಳೆ. ಡಬ್ಬ ತೆಗೆದರೆ ಅದೇ ಕುರ್ಚಿಯಲ್ಲಿ ಗಂಡ. ಡಬ್ಬ ಕಟ್ಟಬೇಕಾದ್ದು ಗಂಡನ ಕಣ್ಣಿಗೋ ಹೆಂಡತಿಯ ಕಣ್ಣಿಗೋ ಅನ್ನುವುದು ಸಮಿತಿಗೆ ಹೊಳೆಯಲಿಲ್ಲವೇನೋ.

2015ರ ಏಪ್ರಿಲ್ 24ರಂದು, ಪಂಚಾಯತ್ ರಾಜ್ ದಿನದ ಭಾಷಣದಲ್ಲಿ, ಪ್ರಧಾನಿ ಮೋದಿ ಒಂದು ಪ್ರಸಂಗ ಹೇಳಿದ್ದರು. ಯಾರೋ ಒಬ್ಬ ತನ್ನನ್ನು ಎಸ್‌ಪಿ ಅಂತ ಪರಿಚಯಿಸಿಕೊಂಡನಂತೆ. ಯಾವ ಎಸ್‌ಪಿ ಎಂದರೆ ಸರಪಂಚ್ ಪತಿ, ಅಂದರೆ ಪಂಚಾಯಿತಿ ಅಧ್ಯಕ್ಷೆಯ ಗಂಡ. ಈ ಎಸ್‌ಪಿ ಸಂಸ್ಕೃತಿ ನಿಲ್ಲಬೇಕು ಅಂದರು, ಚಪ್ಪಾಳೆ ಬಿತ್ತು. ಹತ್ತು ವರ್ಷದ ಮೇಲಾಯಿತು. ಪೊಲೀಸ್ ಎಸ್‌ಪಿಗಳಿಗೆ ಎರಡು ವರ್ಷಕ್ಕೊಮ್ಮೆಯಾದರೂ ವರ್ಗವಾಗುತ್ತದೆ, ಈ ಎಸ್‌ಪಿಗಳಿಗೆ ಅದೂ ಇಲ್ಲ.

ಕರ್ನಾಟಕದವರಾದ ನಾವು ಇಷ್ಟು ಒರಟರಲ್ಲ ಎಂದು ಹೆಮ್ಮೆಯಿಂದ ಹೇಳಿಕೊಳ್ಳಬಹುದು. ನಮ್ಮಲ್ಲಿ ಪ್ರಮಾಣವಚನ ಹೆಂಡತಿಯೇ ತೆಗೆದುಕೊಳ್ಳುತ್ತಾಳೆ. ಹೊಸ ರೇಷ್ಮೆ ಸೀರೆ, ಮುಡಿ ತುಂಬ ಮಲ್ಲಿಗೆ, ಕೈಯಲ್ಲೊಂದು ಬೊಕ್ಕೆ, ಫೋಟೊ. ಅದಾದ ಮೇಲೆ ಅಧ್ಯಕ್ಷೆ ಮನೆಗೆ, ಅಧ್ಯಕ್ಷಗಿರಿ ಗಂಡನ ಬೊಲೆರೋಗೆ. ಬಾನೆಟ್ ಮೇಲೆ ಕೆಂಪು ಬೋರ್ಡು: 'ಅಧ್ಯಕ್ಷರು, ಗ್ರಾಮ ಪಂಚಾಯಿತಿ'. ಓಡಿಸುವವನು ಡ್ರೈವರೋ ಅಧ್ಯಕ್ಷನೋ ಎಂದು ಟೋಲ್‌ಗೇಟಿನವನು ಕೇಳುವುದಿಲ್ಲ.

ನನಗೆ ಈ ವಿಷಯದಲ್ಲಿ ಸ್ವಾನುಭವವೂ ಆಯಿತು. ಊರಿನಲ್ಲಿ ನಮ್ಮಮ್ಮ ಒಬ್ಬಳೇ ಇದ್ದಾಳೆ. ಹೋದ ತಿಂಗಳು ಫೋನ್ ಮಾಡಿ, "ಸಿಸ್ಟನ್‌ಗೆ ನೀರು ಬಂದು ಎಂಟು ದಿನ ಆಯ್ತು ಕಣಪ್ಪ, ಮೋಟ್ರು ಸುಟ್ಟೋಗೈತಂತೆ" ಅಂದಳು. ವಾಟರ್‌ಮನ್‌ಗೆ ಫೋನ್ ಹಚ್ಚಿದೆ. "ಮೋಟ್ರು ಎತ್ತೋರು ಬರಕಿಲ್ಲ ಅಂತಾವ್ರೆ ಸಾ, ಹಳೇ ಬಿಲ್ ಆಗಿಲ್ವಂತೆ" ಅಂದ. ಪಿಡಿಒ ಸಾಹೇಬರಿಗೆ ಹಚ್ಚಿದೆ. "ನನ್ನ ಕಡೆಯಿಂದ ಆಗಿದೆ ಸರ್, ಅಧ್ಯಕ್ಷರ ಡಾಂಗಲ್ ಒಂದು ಬೀಳಬೇಕು" ಅಂದರು. ಅಧ್ಯಕ್ಷರು ಎಲ್ಲಿದ್ದಾರೆ ಅಂದೆ. "ತಿಪಟೂರಿಗೆ ಕೊಬ್ಬರಿ ಹಾಕಕ್ಕೆ ಹೋಗಿದ್ದಾರೆ."

ಭಲೇ ಹೆಣ್ಣುಮಗಳು ಅಂದುಕೊಂಡೆ. ಪಂಚಾಯಿತಿಯನ್ನೂ ನೋಡಿಕೊಂಡು ತಿಪಟೂರು ಮಾರ್ಕೆಟ್ಟಿನಲ್ಲಿ ಕೊಬ್ಬರಿ ಹರಾಜನ್ನೂ ಸುಧಾರಿಸುತ್ತಾಳಲ್ಲ! ಎರಡು ದಿನ ಬಿಟ್ಟು ಗೊತ್ತಾಯಿತು, ಹೋಗಿದ್ದದ್ದು ಆಕೆಯ ಯಜಮಾನರು. ತಪ್ಪು ಪಿಡಿಒ ಅವರದ್ದಲ್ಲ, ಕನ್ನಡದ್ದು. 'ಅಧ್ಯಕ್ಷರು ಹೋಗಿದ್ದಾರೆ' ಎಂಬ ವಾಕ್ಯದಲ್ಲಿ ಹೋದದ್ದು ಗಂಡೋ ಹೆಣ್ಣೋ, ನಮ್ಮ ಗೌರವದ ಬಹುವಚನ ಬಾಯಿ ಬಿಡುವುದಿಲ್ಲ. ಒಂದೇ 'ಅಧ್ಯಕ್ಷರು'. ಅದರೊಳಗೆ ದಂಪತಿ ಇಬ್ಬರೂ ಆರಾಮಾಗಿ ಹಿಡಿಸುತ್ತಾರೆ. ಹಿಂದಿಯವರಿಗೆ ಈ ಸೌಕರ್ಯವಿಲ್ಲ, ಅದಕ್ಕೇ ಅವರು ಸಿಕ್ಕಿಬೀಳುತ್ತಾರೆ.

ಡಾಂಗಲ್ ಗೊತ್ತಿಲ್ಲದವರಿಗೆ ಒಂದು ಮಾತು. ಪೆನ್‌ಡ್ರೈವ್ ಹಾಗಿರುವ ಸಾಧನ, ಅದರೊಳಗೆ ಡಿಜಿಟಲ್ ಸಹಿ ಇರುತ್ತದೆ. ಪಿಡಿಒದೊಂದು, ಅಧ್ಯಕ್ಷರದೊಂದು, ಎರಡೂ ಬಿದ್ದರೇ ಪಂಚಾಯಿತಿ ದುಡ್ಡು ಅಲ್ಲಾಡುವುದು. ಹಿಂದೆ ಚೆಕ್ ಇತ್ತು. ಆಗ ಗಂಡ ಎಷ್ಟೇ ಜೋರಿನವನಾಗಿದ್ದರೂ ಚೆಕ್ ಪುಸ್ತಕ ಹಿಡಿದುಕೊಂಡು ಅಡುಗೆಮನೆ ಬಾಗಿಲಿಗೆ ಹೋಗಲೇಬೇಕಿತ್ತು. ಆಕೆ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ರೊಟ್ಟಿ ಹೆಂಚಿನಿಂದ ಕಣ್ಣು ತೆಗೆದು, ಒಂದು ಗಳಿಗೆ ಆ ಕಾಗದ ನೋಡುತ್ತಿದ್ದಳು. "ಏನಿದು, ಇಷ್ಟೊಂದು?" ಎಂದು ಒಂದು ಸಲವಾದರೂ ಕೇಳುತ್ತಿದ್ದಳೇನೋ. ಈಗ ಅಷ್ಟು ತೊಂದರೆಯೂ ಇಲ್ಲ. ಡಾಂಗಲ್ ಗಂಡನ ಷರ್ಟಿನ ಜೇಬಿನಲ್ಲಿ, ಪಾಸ್‌ವರ್ಡು ಕಂಪ್ಯೂಟರ್ ಆಪರೇಟರ್ ಬಾಯಲ್ಲಿ. ತಂತ್ರಜ್ಞಾನ ಹೆಣ್ಣನ್ನು ಅಡುಗೆಮನೆಯಿಂದ ಬಿಡಿಸುತ್ತದೆ ಅನ್ನುತ್ತಿದ್ದರು. ಇಲ್ಲಿ ಅದು ಚೆಕ್ ಪುಸ್ತಕವನ್ನು ಅಡುಗೆಮನೆಯಿಂದ ಬಿಡಿಸಿದೆ. ಮದುವೆಯಲ್ಲಿ ಗಂಡ ಹೆಂಡತಿಗೆ ತಾಳಿ ಕಟ್ಟಿದ, ಚುನಾವಣೆಯಲ್ಲಿ ಹೆಂಡತಿ ಗಂಡನಿಗೆ ಡಾಂಗಲ್ ಕಟ್ಟಿದಳು. ಲೆಕ್ಕ ಚುಕ್ತಾ.

ಮೋಟರಿನ ವಿಷಯಕ್ಕೆ ಆಮೇಲೆ ಬರುತ್ತೇನೆ, ಅದೇನೂ ಓಡಿಹೋಗುವುದಿಲ್ಲ, ಬಾವಿಯಲ್ಲೇ ಇದೆ. ಅಷ್ಟರಲ್ಲಿ ಮಹಿಳಾ ದಿನ ಬಂತು. ನಮ್ಮ ತಾಲ್ಲೂಕಿನಲ್ಲಿ 'ಮಹಿಳಾ ಸಬಲೀಕರಣ ಕಾರ್ಯಾಗಾರ' ಇತ್ತು, ನನ್ನನ್ನೂ ಕರೆದಿದ್ದರು. ಯಾಕೆ ಅಂತ ಕೇಳಬೇಡಿ, ನಾನು ಗಂಡಸು, ಅಷ್ಟು ಅರ್ಹತೆ ಸಾಲದೆ? ಫ್ಲೆಕ್ಸ್‌ನಲ್ಲಿ ಮೇಲಿನ ಸಾಲು ಪೂರ್ತಿ ಮೀಸೆ. ಕೆಳಗೆ ಎಡಮೂಲೆಯಲ್ಲಿ ಸ್ಟಾಂಪ್ ಸೈಜಿನಲ್ಲಿ ಒಬ್ಬ ಹೆಣ್ಣುಮಗಳು. ಅಧ್ಯಕ್ಷತೆ ಆಕೆಯದೇ. ವೇದಿಕೆ ಮೇಲೆ ಹಾರ, ಶಾಲು, ಮೈಸೂರು ಪೇಟ. ಮಹಿಳೆ ಭೂಮಿ, ಮಹಿಳೆ ತಾಯಿ, ಮಹಿಳೆ ದೇವತೆ ಎಂದು ಒಬ್ಬೊಬ್ಬರೂ ಅರ್ಧ ಗಂಟೆ ಮಾತಾಡಿದರು. ಭೂಮಿ, ತಾಯಿ, ದೇವತೆ ಈ ಮೂವರಲ್ಲಿ ಯಾರೂ ವಾಪಸ್ ಮಾತಾಡುವುದಿಲ್ಲ ಎನ್ನುವುದನ್ನು ಗಮನಿಸಬೇಕು.

ಮಧ್ಯಾಹ್ನ ಪಲಾವಿನ ನಂತರ ಮಹಿಳೆಯರಿಗೆ ಸ್ಪರ್ಧೆಗಳು. ಮೊದಲು ಮ್ಯೂಸಿಕಲ್ ಚೇರ್. ಇದು ಒಳ್ಳೆಯ ಪ್ರಾಯೋಗಿಕ ಪಾಠ ಎಂದೇ ನನ್ನ ಅಭಿಪ್ರಾಯ. ನಮ್ಮ ಪಂಚಾಯಿತಿಗಳಲ್ಲಿ ಅಧ್ಯಕ್ಷರ ಅವಧಿ ಮೂವತ್ತು ತಿಂಗಳು. ಅದನ್ನೂ ಗಂಡಂದಿರು ದೇವಸ್ಥಾನದ ಕಟ್ಟೆ ಮೇಲೆ ಕೂತು ಹತ್ತು ತಿಂಗಳು ನಿಮ್ಮ ಮನೆಯವರು, ಹತ್ತು ತಿಂಗಳು ನಮ್ಮ ಮನೆಯವರು ಎಂದು ತಟ್ಟೆಯಲ್ಲಿ ಎಲೆಅಡಿಕೆ ಇಟ್ಟು ಒಪ್ಪಂದ ಮಾಡಿಕೊಂಡಿರುತ್ತಾರೆ. ಹಾಡು ನಿಲ್ಲಿಸುವವರು ಬೇರೆ, ಓಡುವವರು ಬೇರೆ.

ಎರಡನೆಯದು ನಿಂಬೆಹಣ್ಣಿನ ಓಟ. ಬಾಯಲ್ಲಿ ಚಮಚ, ಚಮಚದ ಮೇಲೆ ನಿಂಬೆಹಣ್ಣು. ಅಂಗನವಾಡಿ ಕಾರ್ಯಕರ್ತೆಯರು, ಆಶಾಗಳು, ಪಂಚಾಯಿತಿ ಸದಸ್ಯೆಯರು ಸೀರೆ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಸಾಲಾಗಿ ನಿಂತರು. ವಿಷಲ್ ಊದಿದರು. ಒಬ್ಬಾಕೆ ಎಲ್ಲರಿಗಿಂತ ಮುಂದಿದ್ದಳು, ನಡುದಾರಿಯಲ್ಲಿ ಯಾರೋ ಅಡ್ಡ ಬಂದರು, "ಸರೀರಿ" ಅನ್ನಲು ಬಾಯಿ ತೆರೆದಳು. ನಿಂಬೆಹಣ್ಣು ಉರುಳಿತು, ಔಟ್. ತೀರ್ಪುಗಾರರು, ಅವರೂ ಗಂಡಸರೇ, ಮೈಕಿನಲ್ಲಿ ಇನ್ನೊಮ್ಮೆ ನಿಯಮ ಸಾರಿದರು: "ಎಷ್ಟು ಬೇಕಾದರೂ ಜೋರಾಗಿ ಓಡಿ, ಬಾಯಿ ಮಾತ್ರ ತೆರೆಯಬೇಡಿ." ಕಾರ್ಯಾಗಾರದ ಸಾರವನ್ನು ಇಷ್ಟು ಅಚ್ಚುಕಟ್ಟಾಗಿ ಹೇಳಿದ ಭಾಷಣ ಆ ದಿನ ಇನ್ನೊಂದಿರಲಿಲ್ಲ. ಗೆದ್ದವರಿಗೆ ಸ್ಟೀಲ್ ಡಬ್ಬಿ.

ಭಾಷಣ ಕೇಳುತ್ತ ಕೂತಾಗ ನನ್ನ ತಲೆಯಲ್ಲಿ ಆ 'ಸಬಲೀಕರಣ' ಶಬ್ದವೇ ಗುಂಯ್‌ಗುಡುತ್ತಿತ್ತು. ಕಾಲೇಜಿನಲ್ಲಿ ಸಂಸ್ಕೃತ ಹೇಳಿಕೊಟ್ಟ ನಮ್ಮ ಮೇಷ್ಟ್ರು ನೆನಪಾದರು. 'ಸಬಲ'ಕ್ಕೂ 'ಕರಣ'ಕ್ಕೂ ಮಧ್ಯೆ ಒಂದು 'ಈ' ಬಂದು ಕೂತಿದೆಯಲ್ಲ, ಅದು ಪಾಣಿನಿಯ ಚ್ವಿ ಪ್ರತ್ಯಯದ ಕೆಲಸ. ಯಾವುದು ಮೊದಲು ಹಾಗಿರಲಿಲ್ಲವೋ ಅದನ್ನು ಹಾಗೆ ಮಾಡುವುದು. ಬಿಳಿಯಲ್ಲದ್ದನ್ನು ಬಿಳಿ ಮಾಡಿದರೆ ಶುಕ್ಲೀಕರಣ, ಕೊಳೆಯಾದ್ದನ್ನು ತೊಳೆದರೆ ಶುದ್ಧೀಕರಣ. ನಮ್ಮ ಲೋಕೋಪಯೋಗಿ ಇಲಾಖೆಯವರು ಇದೇ ಸೂತ್ರ ಹಿಡಿದು ಡಾಂಬರೀಕರಣ ಮಾಡಿದರು, ಕಾಂಕ್ರೀಟೀಕರಣವನ್ನೂ ಮಾಡಿದರು. ಡಾಂಬರು ಇಲ್ಲದ ಕಡೆ ಡಾಂಬರು ಬರುವುದು ಡಾಂಬರೀಕರಣ. ಮೊದಲ ಮಳೆಗೆ ಅದು ಎದ್ದುಹೋಗುವುದಕ್ಕೆ ಪಾಣಿನಿಯಲ್ಲಿ ಸೂತ್ರವಿಲ್ಲ, ಅದು ನಮ್ಮ ಕೊಡುಗೆ.

ಈ ಚ್ವಿ ಪ್ರತ್ಯಯದ್ದು ಒಂದು ವಿಶೇಷ. ಅದು ಬರುತ್ತದೆ, ಹಿಂದಿನ ಅಕಾರವನ್ನು 'ಈ' ಮಾಡುತ್ತದೆ, ತಾನು ಮಾತ್ರ ಒಂದಕ್ಷರವೂ ಉಳಿಯದಂತೆ ಮಾಯವಾಗುತ್ತದೆ. ಇದಕ್ಕೆ ವ್ಯಾಕರಣದಲ್ಲಿ 'ಸರ್ವಾಪಹಾರಿ ಲೋಪ' ಎಂದು ಹೆಸರು. ಎಲ್ಲವನ್ನೂ ಅಪಹರಿಸುವ ಲೋಪ! ಅನುದಾನ ಬರುತ್ತದೆ, ಕಡತದಲ್ಲಿ ಒಂದು ದೀರ್ಘ ಬೀಳುತ್ತದೆ, ಅನುದಾನ ಕಾಣುವುದಿಲ್ಲ. ಎರಡೂವರೆ ಸಾವಿರ ವರ್ಷದ ಹಿಂದಿನ ವ್ಯಾಕರಣಕ್ಕೆ ನಮ್ಮ ಲೆಕ್ಕಪತ್ರ ಗೊತ್ತಿತ್ತು ಅನ್ನಿಸಿ ಮೈ ಜುಂ ಅಂದಿತು.

ಇನ್ನೂ ಒಂದಿದೆ. ಚ್ವಿ ಆದಮೇಲೆ 'ಕೃ' ಧಾತುವೇ ಬರಬೇಕು ಅಂತಿಲ್ಲ, 'ಭೂ' ಧಾತುವೂ ಬರಬಹುದು. 'ಕರಣ' ಅಂದರೆ ಇನ್ನೊಬ್ಬರು ಮಾಡುವುದು, 'ಭವನ' ಅಂದರೆ ತಾನಾಗಿ ಆಗುವುದು. ಹಾಗೆ ನೋಡಿದರೆ ನಮಗೆ ಬೇಕಾದದ್ದು ಸಬಲೀಭವನ. ಆದರೆ ಸರ್ಕಾರದ ಮುಂದೆ ಈ ಶಬ್ದ ಎತ್ತಲು ನನಗೆ ಧೈರ್ಯವಿಲ್ಲ. 'ಭವನ' ಅಂದ ಕೂಡಲೇ ನಿವೇಶನ ಗುರುತಿಸಿ, ಅಂದಾಜು ಪಟ್ಟಿ ಮಾಡಿ, ಟೆಂಡರ್ ಕರೆದು, ಬಾಗಿಲಿಗೆ ಬೀಗ ಹಾಕಿ, ಬೀಗದ ಕೈಯನ್ನು ಅಧ್ಯಕ್ಷೆಯ ಗಂಡನ ಕೈಗೆ ಕೊಟ್ಟುಬಿಡುತ್ತಾರೆ.

ಕರಣದಲ್ಲಿ ಮಾಡುವವನು ಒಬ್ಬ ಇರಲೇಬೇಕು. ವೇದಿಕೆ ಮೇಲಿದ್ದ ಮೀಸೆಗಳೆಲ್ಲ ಆ ಮಾಡುವವರು.

ಎಲ್ಲ ಯೋಜನೆಗಳೂ ಹೀಗೇ ಅಂತಲ್ಲ. 2023ರ ಜೂನ್ 11ರಿಂದ ಹೆಂಗಸರಿಗೆ ಬಸ್ಸು ಫ್ರೀ ಆಯಿತು. ಬಂದ ದಿನದಿಂದ ಅದನ್ನು ಬೈಯದ ಗಂಡಸು ಕಟ್ಟೆ ಮೇಲಿಲ್ಲ. ಸೀಟು ಸಿಗಲ್ಲ ಅಂತಾರೆ, ಸುಮ್ಮನೆ ಧರ್ಮಸ್ಥಳಕ್ಕೆ ಹೋಗಿ ಬರ್ತಾರೆ ಅಂತಾರೆ. ಬೈಗುಳದ ನಿಜವಾದ ಕಾರಣ ನನಗೆ ಈಚೆಗೆ ಹೊಳೆಯಿತು. ಇಡೀ ರಾಜ್ಯದಲ್ಲಿ ಹೆಂಡತಿಯ ಪರವಾಗಿ ಗಂಡ ಅನುಭವಿಸಲಾಗದ ಸವಲತ್ತು ಇದೊಂದೇ. ಆಕೆಯ ಬದಲಿಗೆ ಸಹಿ ಹಾಕಬಹುದು, ಪ್ರಮಾಣವಚನ ತೆಗೆದುಕೊಳ್ಳಬಹುದು, ಗೃಹಲಕ್ಷ್ಮಿಯ ಎರಡು ಸಾವಿರವನ್ನು ಎಟಿಎಂನಿಂದ ತೆಗೆಯಬಹುದು. ಆಕೆಯ ಸೀಟಿನಲ್ಲಿ ಫ್ರೀಯಾಗಿ ಕೂರಲು ಮಾತ್ರ ಕಂಡಕ್ಟರ್ ಬಿಡುವುದಿಲ್ಲ. ಪಂಚಾಯಿತಿಗಳಿಗೂ ಒಬ್ಬೊಬ್ಬ ಕೆಎಸ್‌ಆರ್‌ಟಿಸಿ ಕಂಡಕ್ಟರನ್ನು ಡೆಪ್ಯುಟೇಷನ್ ಮೇಲೆ ಹಾಕಬಾರದೆ?

ನಗುವುದು ಸಾಕು ಅನ್ನಿಸುತ್ತದೆ ಒಮ್ಮೊಮ್ಮೆ. 'ಹೆಂಗಸರಿಗೆ ಏನೂ ತಿಳಿಯಲ್ಲ ಸಾರ್, ಅದಕ್ಕೇ ಗಂಡ ನೋಡ್ಕೋತಾನೆ' ಅನ್ನುವ ಮಾತು ಕೇಳಿ ಕೇಳಿ ಕಿವಿ ತೂತಾಗಿದೆ. 1987ರಲ್ಲಿ, ರಾಮಕೃಷ್ಣ ಹೆಗಡೆಯವರ ಸರ್ಕಾರ ಇದ್ದಾಗ, ಆಗಿನ ಪಂಚಾಯತ್ ರಾಜ್ ಸಚಿವ ನಜೀರ್ ಸಾಬರು ಕೂತು ಮಾಡಿಸಿದ ಕಾಯ್ದೆಯಡಿ ಈ ರಾಜ್ಯದಲ್ಲಿ ಹೆಂಗಸರಿಗೆ ನಾಲ್ಕರಲ್ಲಿ ಒಂದು ಸೀಟು ಕೊಟ್ಟು ಚುನಾವಣೆ ನಡೆಸಿದ್ದೆವು. ದೇಶ ಮೂರರಲ್ಲಿ ಒಂದು ಅಂತ ಸಂವಿಧಾನ ತಿದ್ದಿ ಜಾರಿಗೆ ತಂದದ್ದು 1993ರಲ್ಲಿ. 2010ರಲ್ಲಿ ನಾವು ಅರ್ಧಕ್ಕರ್ಧ ಮಾಡಿದೆವು. ದೇಶದಲ್ಲಿಂದು 14 ಲಕ್ಷಕ್ಕೂ ಹೆಚ್ಚು ಹೆಂಗಸರು ಪಂಚಾಯಿತಿಗಳಲ್ಲಿ ಕೂತಿದ್ದಾರೆ. ಏನೂ ತಿಳಿಯದವರೇ ಇವರು? ಪಶ್ಚಿಮ ಬಂಗಾಳ, ರಾಜಸ್ಥಾನದ ಪಂಚಾಯಿತಿಗಳನ್ನು ಹುಡುಕಾಡಿ ಅರ್ಥಶಾಸ್ತ್ರಜ್ಞರಾದ ರಾಘವೇಂದ್ರ ಚಟ್ಟೋಪಾಧ್ಯಾಯ, ಎಸ್ತರ್ ಡುಫ್ಲೊ 2004ರಲ್ಲೇ ಬರೆದರು: ಮೀಸಲಾತಿಯಿಂದ ಹೆಂಗಸು ಮುಖ್ಯಸ್ಥೆಯಾದ ಕಡೆ ಕುಡಿಯುವ ನೀರಿಗೆ ಹೆಚ್ಚು ದುಡ್ಡು ಹೋಗಿದೆ. ಕೊಡ ಹೊತ್ತವರಿಗೆ ಗೊತ್ತಿರುತ್ತದೆ. ಊರೂರಿಗೆ ಬೋರ್‌ವೆಲ್ ಹಾಕಿಸಿ 'ನೀರ್ ಸಾಬ್' ಅನ್ನಿಸಿಕೊಂಡ ಮನುಷ್ಯನೇ ಹೆಂಗಸರ ಮೀಸಲಾತಿಯನ್ನೂ ತಂದದ್ದು ಕಾಕತಾಳೀಯ ಅಂತ ನಾನಂತೂ ನಂಬುವುದಿಲ್ಲ.

ಆಕೆಗೆ ತಿಳಿಯುತ್ತದೆ ಅನ್ನುವುದೇ ತೊಂದರೆ. ಗಂಡನ ಮಾತು ಕೇಳದೆ ತಾನೇ ಸಹಿ ಹಾಕಿದವಳ ಮೇಲೆ ಅವಿಶ್ವಾಸ ಬರುತ್ತದೆ. ಆಕೆ ದಲಿತಳಾದರೆ ಕತೆ ಬೇರೆ. 2020ರ ಅಕ್ಟೋಬರ್‌ನಲ್ಲಿ ತಮಿಳುನಾಡಿನ ಕಡಲೂರು ಜಿಲ್ಲೆಯ ತೆರ್ಕು ತಿಟ್ಟೈಯ ಒಂದು ಫೋಟೊ ಎಲ್ಲೆಡೆ ಓಡಾಡಿತು. ಸದಸ್ಯರು ಕುರ್ಚಿ ಮೇಲೆ. ಅಧ್ಯಕ್ಷೆ ನೆಲದ ಮೇಲೆ. ಮತ ಪಡೆದು ಗೆದ್ದ ಅಧ್ಯಕ್ಷೆ, ತನ್ನದೇ ಪಂಚಾಯಿತಿಯ ಸಭೆಯಲ್ಲಿ, ನೆಲದ ಮೇಲೆ. ಆಕೆಗೆ ಯಾವ ಕಾರ್ಯಾಗಾರ ಮಾಡುತ್ತೀರಿ? ಯಾವ ಡಬ್ಬ ಕಣ್ಣಿಗೆ ಕಟ್ಟುತ್ತೀರಿ? ಬೇಕಿದ್ದದ್ದು ಒಂದು ಪ್ಲಾಸ್ಟಿಕ್ ಕುರ್ಚಿ. ಅದನ್ನು ಎಳೆದು ಕೊಡಲು ಆ ಕೋಣೆಯಲ್ಲಿ ಒಂದು ಕೈ ಮುಂದೆ ಬರಲಿಲ್ಲ. ಇಂಥದ್ದಕ್ಕೆ ವಿಡಂಬನೆ ಬರೆಯಲು ನನಗೆ ಬರುವುದಿಲ್ಲ, ಬರಬಾರದು ಕೂಡ.

ಸರಿ, ಮೋಟರ್.

ಕೊಬ್ಬರಿ ಹರಾಜು ಮುಗಿಸಿ ಅಧ್ಯಕ್ಷರು ವಾಪಸಾಗಿದ್ದಾರೆಂದು ಗೊತ್ತಾಗಿ, ಭಾನುವಾರ ಬೆಳಗ್ಗೆ ಅವರ ಮನೆಗೇ ಹೋದೆ. ಜಗಲಿ ಮೇಲೆ ಯಜಮಾನರು ಪೇಪರ್ ಓದುತ್ತಿದ್ದರು. ಒಳ್ಳೆಯ ಮನುಷ್ಯ, ಸುಳ್ಳು ಹೇಳಬಾರದು. "ಬನ್ನಿ ಸಾರ್, ಬನ್ನಿ" ಎಂದು ಚಾಪೆ ಹಾಸಿದರು. ಜೇಬಿನಲ್ಲಿ ಪೆನ್ನಿನ ಪಕ್ಕ ಡಾಂಗಲ್ಲು ನೀಲಿ ಟೋಪಿ ಹಾಕಿಕೊಂಡು ಇಣುಕುತ್ತಿತ್ತು. ಒಳಗಿನಿಂದ ಅವರ ಹೆಂಡತಿ ಸೌದೆಹೊಗೆ ವಾಸನೆಯ ಕಾಫಿ ತಂದಿಟ್ಟು, ಬಾಗಿಲ ತೋಳಿಗೆ ಒರಗಿ ನಿಂತರು. ನಾನು ಬಂದ ವಿಷಯವನ್ನೆಲ್ಲ ಯಜಮಾನರಿಗೆ ವಿವರಿಸಿದೆ. ಅವರಿಗೇ. ಪೂರ್ತಿ ಹತ್ತು ನಿಮಿಷ. ಎಂಟು ದಿನದ ಹಿಂದೆ ತಾಲ್ಲೂಕು ವೇದಿಕೆಯಲ್ಲಿ ಸಬಲೀಕರಣದ ಬಗ್ಗೆ ಮಾತಾಡಿ ಶಾಲು ಹೊದಿಸಿಕೊಂಡು ಬಂದ ನಾನು, ಆ ಹತ್ತು ನಿಮಿಷದಲ್ಲಿ ಒಂದು ಸಲವೂ ಬಾಗಿಲ ಕಡೆ ತಿರುಗಲಿಲ್ಲ. ಕೆಲಸ ಆಗಬೇಕಲ್ಲ ಸ್ವಾಮಿ, ಅಮ್ಮನಿಗೆ ನೀರು ಬೇಕಲ್ಲ. ನಾವೆಲ್ಲರೂ ಹೀಗೇ ಅಲ್ಲವೆ?

"ಬಿಲ್ ಇವತ್ತೇ ಮಾಡಿಸ್ತೀನಿ ಬಿಡಿ ಸಾರ್" ಅಂದರು ಯಜಮಾನರು.

"ಎರಡು ಮೋಟ್ರುಂದು ಬಿಲ್ ಹಾಕವ್ರೆ" ಬಾಗಿಲಿಂದ ದನಿ ಬಂತು. "ಸುಟ್ಟಿದ್ದು ಒಂದೇಯ. ಇನ್ನೊಂದು ಕೆರೆ ಏರಿ ಬೋರ್‌ವೆಲ್‌ದು, ಅದು ಹೋದ್ ದೀಪಾವಳಿಲೇ ರೀವೈಂಡಿಂಗ್ ಆಗೈತೆ, ದುಡ್ಡೂ ಹೋಗೈತೆ. ಒಂದನ್ನ ತೆಗ್ದು ಬರ್ಕೊಂಬನ್ನಿ ಅಂತ ಮೊನ್ನೇನೇ ಹೇಳಿದ್ನಲ್ಲ."

ಜಗಲಿಯಲ್ಲಿ ಒಂದು ಗಳಿಗೆ ಸದ್ದಿಲ್ಲ. ಯಜಮಾನರು ಪೇಪರ್ ಮಡಿಚಿದರು, ಬಿಚ್ಚಿದರು. "ನೀನ್ ಒಳಗ್ ಹೋಗು, ಸಾರ್‌ಗೆ ಇನ್ನೊಂದ್ ಲೋಟ ಕಾಫಿ ತಗಂಬಾ" ಅಂದರು. ಆಕೆ ಹೋಗಲಿಲ್ಲ. ನನ್ನ ಲೋಟದ ಕಡೆ ನೋಡಿದರು, ಅದು ಇನ್ನೂ ತುಂಬಿತ್ತು.

ನಾನು ಎದ್ದೆ. ಆಗಲಾದರೂ ಬಾಗಿಲ ಕಡೆ ತಿರುಗಿ ಎರಡೂ ಕೈ ಜೋಡಿಸಿದೆ.

"ಬರ್ತೀನಿ ಅಧ್ಯಕ್ಷರೇ."

"ಆಗ್ಲಿ ಸಾರ್, ಹೋಗ್ಬನ್ನಿ" ಅಂದರು ಯಜಮಾನರು.